ಹಿಡಿ ಅಕ್ಕಿ

ಕೆಲವು ಅಗುಳು ಕರಗಿ, ಕೆಲವು ಗಟ್ಟಿಯಾಗಿಯೇ ಉಳಿದ ಅನ್ನದ ಆವಿ ಮುಖಕ್ಕೆ ಬಡಿದರೆ ನಾನು ಈಗಲೂ ಪಾಂಡವಪುರದ ನಮ್ಮ ಚರ್ಚಿನ ಅಂಗಳದಲ್ಲಿರುತ್ತೇನೆ.

ತೊಂಬತ್ತರ ದಶಕದ ಆ ದಿನಗಳಲ್ಲಿ ಸಭೆಯ ಪ್ರತಿ ಮನೆಯವರೂ ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿ ದೇವರಿಗೆಂದು ತೆಗೆದಿಡುತ್ತಿದ್ದರು. ಭಾನುವಾರ ಅದೆಲ್ಲ ಒಂದೇ ಮೂಟೆಗೆ ಬಿದ್ದು, ಆರಾಧನೆ ಮುಗಿದ ಮೇಲೆ ಹರಾಜಾಗುತ್ತಿತ್ತು. ಚರ್ಚು ಕಟ್ಟಲು ಸಾಲವಾಗಿ ಕಲ್ಲು ಕೊಟ್ಟಿದ್ದ ಚಿನಕುರಳಿಯ ಗೌಡರಿಗೆ ಆ ಹಣ ಹೋಗುತ್ತಿತ್ತು. ಸಾಲ ತೀರುವವರೆಗೂ ಆ ಕಲ್ಲಿನ ಮೆಟ್ಟಿಲ ಮೇಲೆ ಕೂರುವುದಿಲ್ಲವೆಂದು ಹಟ ಹಿಡಿದ ನಮ್ಮಜ್ಜಿ, ಮಂಡಿ ನೋಯುತ್ತಿದ್ದರೂ ಹುಣಸೆ ಮರಕ್ಕೆ ಒರಗಿ ನಿಂತೇ ಇರುತ್ತಿದ್ದಳು.

ಕೊನೆಯ ಕಂತಿನ ಮಧ್ಯಾಹ್ನ ಗೌಡರೇ ಬಂದಿದ್ದರು. ಬೆಲೆ ಬಾಕಿಗೆ ಸಾಲುವಷ್ಟು ಏರುವವರೆಗೂ ಹರಾಜು ಕೂಗಿ ಅಜ್ಜಿಯೇ ಮೂಟೆಯನ್ನು ಕೊಂಡಳು.

"ನಾವ್ ಕೊಟ್ಟಿದ್ನ ನಾವೇ ಕೊಂಡ್ಕೊಂಡ್ರೆ ಅದು ಕೊಟ್ಟಂಗೆ ಎಂಗಾಯ್ತದಜ್ಜಿ?" ಎಂದು ಕೇಳಿದೆ.

"ಬಂದ್ಬುಟ್ಲು ಲಾಯರಮ್ಮ. ಅದ್ರಾಗೆ ನಮ್ಮಕ್ಕಿ ಯಾವ್ದು, ಆರ್ಸ್ಕೊಡು ನೋಡಾನ."

ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿದೆ. ಒಳಗೆ ಕೆರೆಯ ನೀರಿನಂಥ ತಂಪು. ಸಣ್ಣಕ್ಕಿ, ದಪ್ಪಕ್ಕಿ, ಕೆಂಪಕ್ಕಿ ಬೆರಳ ಸಂದಿಯಿಂದ ಮೆತ್ತಗೆ ಜಾರಿ ಹೋಗುತ್ತಲೇ ಇದ್ದವು.

ಗೌಡರು ಹಣವನ್ನು ಜೇಬಿಗಿಟ್ಟುಕೊಂಡು, "ಇನ್ನಾರ ಕುಂತ್ಕೊಳವ್ವ. ಕಲ್ಲು ನಿಮ್ದೇಯ" ಎಂದರು.

ಅಜ್ಜಿ ಸೆರಗಿನಿಂದ ಮೆಟ್ಟಿಲನ್ನು ಒರೆಸಿ, ನಿಧಾನವಾಗಿ ಕೂತಳು.

"ಬಿಸ್ಲಿಗೆ ಕಾದ್ಬುಟ್ಟೈತೆ ಕಣವ್ವ," ಎಂದಳು. ಆದರೆ ಏಳಲಿಲ್ಲ.

ನನ್ನ ಕೈ ಇನ್ನೂ ಮೂಟೆಯೊಳಗೇ ಇತ್ತು.