ನಲವತ್ತರ ಆಣೆ

ಸ್ಕೂಟರಿನ ಸ್ಪೀಡ್ ಮೀಟರಿನ ಮುಳ್ಳು ನಲವತ್ತರ ಮೇಲೆ ನಿಂತಿದ್ದಾಗಲೇ, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ ತಾತ ಒಬ್ಬರು ಕವನಾಳನ್ನು ಹಿಂದೆ ಹಾಕಿ ಮಾಗಡಿ ರಸ್ತೆಯಲ್ಲಿ ಮುಂದೆ ಹೋದರು. ಬೆಲ್ಲು ಕೂಡ ಹೊಡೆಯಲಿಲ್ಲ.

ಅವಳು ನಲವತ್ತು ದಾಟುವ ಹಾಗಿರಲಿಲ್ಲ. ಮನೆಯ ಹಳೇ ಸ್ಕೂಟರು ಅವಳ ಕೈಗೆ ಬಂದ ದಿನ, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ, ಅತ್ತೆ ಬೋರಮ್ಮ ಕರ್ಪೂರ ಹಚ್ಚಿ ಪಟಾಲಮ್ಮನ ಗುಡಿ ಮುಂದೆ ಆಣೆ ಮಾಡಿಸಿದ್ದರು: ಮುಳ್ಳು ನಲವತ್ತು ದಾಟಕೂಡದು. ಕವನಾ ಆಣೆ ಮುರಿಯುವವರ ಪೈಕಿಯಲ್ಲ. ಹಾಗಾಗಿ ಬ್ಯಾಡರಹಳ್ಳಿಯಿಂದ ವಿಜಯನಗರದ ಕ್ಲಿನಿಕ್ಕಿಗೆ ದಿನಾ ತಡ. ಬೀಗ ತೆಗೆಯಬೇಕಾದವಳೇ ಬಾರದೆ ಪೇಷೆಂಟುಗಳು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಇನ್ನೊಂದು ಸಲ ತಡವಾದರೆ ಕ್ಲಿನಿಕ್ಕಿನ ಹತ್ತಿರ ಇರುವವರನ್ನೇ ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದು ಡಾಕ್ಟರು ಹೇಳಿಯಾಗಿತ್ತು. ಗಂಡ ಮಧುಕುಮಾರ್ ಮಾತ್ರ, ನಮ್ಮವಳು ಓಡಿಸೋದು ಸ್ಕೂಟರಲ್ಲ, ಎತ್ತಿನ ಗಾಡಿ ಅಂತ ಬಂದ ನೆಂಟರನ್ನೆಲ್ಲ ನಗಿಸುತ್ತಿದ್ದ.

ಆದರೆ ಸೈಕಲ್ಲಿಗೂ ಸೋಲುವುದೆಂದರೆ ಅತಿಯಾಯಿತು. ಅವತ್ತು ಸಂಜೆ ಕ್ಲಿನಿಕ್ಕಿನ ಹಿಂದಿನ ಬೀದಿಯ ಮೆಕ್ಯಾನಿಕ್ ವೆಂಕಟಗಿರಿಯ ಮುಂದೆ ಗಾಡಿ ನಿಲ್ಲಿಸಿದಳು. ಅವನು ಚಕ್ರದಿಂದ ಮೀಟರಿಗೆ ಹೋಗುವ ಕೇಬಲ್ ಬಿಚ್ಚಿ ನೋಡಿದ, ನೆಟ್ಟಗಿತ್ತು. ಅವಳಿಗೆ ಓಡಿಸಲು ಹೇಳಿ, ಪಕ್ಕದಲ್ಲೇ ತನ್ನ ಬೈಕಿನಲ್ಲಿ ಬಂದ. ಅವಳ ಮುಳ್ಳು ನಲವತ್ತು ಅಂದಾಗ ಅವನದು ಇಪ್ಪತ್ತು ಅಂದಿತು. ವಾಪಸು ಬಂದು ಮುಂದಿನ ಚಕ್ರ ಬಿಚ್ಚಿ, ಒಳಗಿಂದ ಮೀಟರಿನ ಕೇಬಲ್ ತಿರುಗಿಸುವ ಪುಟ್ಟ ಗೇರೊಂದನ್ನು ತೆಗೆದು ಅಂಗೈ ಮೇಲಿಟ್ಟುಕೊಂಡ.

"ಇದು ಈ ಗಾಡೀದಲ್ಲ ಮೇಡಂ, ಅದಕ್ಕೇ ಮುಳ್ಳು ಡಬಲ್ ತೋರಿಸ್ತಿದೆ. ಯಾರೋ ಹುಡುಕಿ ತಂದು ಹಾಕ್ಸಿದಾರೆ. ಹೊಸದು, ಇನ್ನೂ ಸವೆದೇ ಇಲ್ಲ."

ಪೂಜೆಯ ಮರುದಿನ ಸರ್ವೀಸ್ ಮಾಡಿಸಿಕೊಂಡು ಬರುತ್ತೇನೆಂದು ಗಾಡಿ ಒಯ್ದವನು ಮಧುಕುಮಾರ್. ಕವನಾಳಿಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಜೋರಾಗಿ ಓಡಿಸುತ್ತಾಳೆಂದು ಭಯವಿದ್ದರೆ ಭಯ ಅಂತ ಹೇಳಬಹುದಿತ್ತಲ್ಲ. ತಾನೇ ನಿಧಾನ ಮಾಡಿಸಿ, ತಾನೇ ಎತ್ತಿನ ಗಾಡಿ ಅಂತ ಆಡಿಕೊಳ್ಳುವುದೇ? ಸರಿಯಾದ ಗೇರು ಹಾಕಿಸಿಕೊಂಡು ಮನೆಗೆ ಹೋದಳು. ಯಾರಿಗೂ ಏನೂ ಹೇಳದೆ ಮುದ್ದೆ ಉಂಡು ಮಲಗಿದಳು.

ಬೆಳಿಗ್ಗೆ ಮಧುಕುಮಾರನ ಬೈಕು ಪಂಕ್ಚರ್. ಮೆಟ್ರೋ ತನಕ ಬಿಟ್ಟುಬಿಡು ಎಂದು ಹಿಂದೆ ಕೂತ. ಮಾಗಡಿ ರಸ್ತೆಗೆ ಬಂದ ಸ್ವಲ್ಪ ಹೊತ್ತಿಗೆಲ್ಲ ಅವನ ಎರಡೂ ಕೈ ಅವಳ ಬ್ಯಾಗನ್ನು ಹಿಡಿದುಕೊಂಡಿದ್ದವು. ಹೀಗೇ ಹೋದರೆ ಡಾಕ್ಟರು ಬರುವ ಮೊದಲೇ ಬೀಗ ತೆಗೆಯಬಹುದು ಎಂದು ಕವನಾಳಿಗೆ ಖುಷಿಯಾಯಿತು.

"ಮೆಲ್ಲಗೆ ಕಣೇ."

"ನಲವತ್ತೇ ಇದೆ. ನೋಡಿ ಬೇಕಾದ್ರೆ."

ಅವನು ಅವಳ ಭುಜದ ಮೇಲಿಂದ ಇಣುಕಿದ. ಮುಳ್ಳು ನಲವತ್ತರ ಮೇಲೇ ಇತ್ತು, ಕೂದಲೆಳೆಯಷ್ಟೂ ಆಚೆ ಹೋಗಿರಲಿಲ್ಲ.

"ಈ ಮೀಟರ್ ಸುಳ್ಳು ತೋರಿಸ್ತಾ ಇದೆ," ಅಂದ.

"ಹೌದಾ? ನಿಮಗೆ ಹೇಗ್ರೀ ಗೊತ್ತು?"