ಬೀಗರ ಓಟು

"ಐದು ದಿನಕ್ಕೊಮ್ಮೆ ಮೈದಾನಕ್ಕಿಳಿಯೋನು ವರ್ಷದ ಅತ್ಯಮೂಲ್ಯ ಆಟಗಾರನಾ? ಹಾಗಾದ್ರೆ ವಾರಕ್ಕೊಮ್ಮೆ ಚರ್ಚಿಗೆ ಬರೋ ನೀನೂ ಪಾದ್ರಿ ಕಣೋ!" ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ವರ್ನನ್ ಗುಡುಗಿದ.

ಹಿಂದೆ ಮಷೀನು ಹಿಡಿದು ನಿಂತಿದ್ದ ಲೂಷಸ್ ಕನ್ನಡಿಯಲ್ಲೇ ಅವನನ್ನು ದುರುಗುಟ್ಟಿ ನೋಡಿದ. ಸೇಂಟ್ ಲೂಯಿಸ್‌ನ ಅವನ ಕ್ಷೌರದಂಗಡಿಯಲ್ಲಿ ಬೇಸ್‌ಬಾಲ್ ಸೀಸನ್ ಮುಗಿದರೂ ಜಗಳ ಮುಗಿದಿರಲಿಲ್ಲ. ಲೂಷಸ್‌ಗೆ ಚೆಂಡೆಸೆಯುವ ಪಿಚರ್ ಬೆಲ್ಮೋರ್ ದೇವರು. ಅವನೆಸೆದ ಚೆಂಡಿಗೆ ಬ್ಯಾಟು ತಾಗಿಸಿದವರೇ ಕಡಿಮೆ. ವರ್ನನ್‌ಗೆ ಕ್ಯಾಚರ್ ಡುಬ್ರೋ. ಆ ಬೋಳುತಲೆಯವನು ದಿನಾ ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುತ್ತ ಇಡೀ ತಂಡವನ್ನೇ ಆಡಿಸುತ್ತಾನೆ. ಅತ್ಯಮೂಲ್ಯ ಆಟಗಾರನ ಪ್ರಶಸ್ತಿಗೆ ಓಟು ಹಾಕುವವರು ಪತ್ರಿಕೆಯವರು. ಇವರಿಬ್ಬರನ್ನು ಯಾರೂ ಕೇಳಿರಲಿಲ್ಲ. ಹಾಗಂತ ಸುಮ್ಮನಿರುವ ಜಾಯಮಾನ ಇಬ್ಬರದೂ ಅಲ್ಲ.

"ಬೇಗ ಮುಗಿಸಪ್ಪಾ. ಸಂಜೆ ಮಗಳು ನಡೀನ್ ಕೈ ಹಿಡಿದು ಚರ್ಚಿನೊಳಗೆ ನಡೀಬೇಕು. ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅಂತ ಅವಳು ಬೆಳಗ್ಗಿನಿಂದ ಜೀವ ತಿಂತಿದಾಳೆ."

"ನನಗೇ ಹೇಳ್ತೀಯಾ? ಮದುವೆ ಗಂಡು ನನ್ನ ಮಗ, ಬೀಗರೇ!" ಲೂಷಸ್ ನಕ್ಕ. "ಅದಿರಲಿ, ಬೆಲ್ಮೋರ್ ಆ ಕೊನೇ ಚೆಂಡು ಎಸೆದದ್ದು ನೋಡಿದ್ಯಾ? ಹೀಗೆ ಕೈಯೆತ್ತಿ, ಹೀಗೆ ಮೈ ತಿರುಗಿಸಿ..."

ಎಸೆದೇ ಬಿಟ್ಟ. ಕೈ ಮೇಲಿಂದ ಬೀಸಿ ಬಂತು, ಜೊತೆಗೆ ಮಷೀನೂ ಬಂತು. ವರ್ನನ್‌ನ ನಡುನೆತ್ತಿಯಿಂದ ಹಣೆಯವರೆಗೆ ಅಗಲವಾದ ರಸ್ತೆ ಬಿತ್ತು.

ಲೂಷಸ್ ತಟ್ಟನೆ ಮಷೀನು ಆರಿಸಿದ. ಇಷ್ಟು ವರ್ಷದ ಸ್ನೇಹ ಹೋಗಲಿ, ಮನೆಗೆ ಬರುವ ಸೊಸೆಗೆ ಯಾವ ಮುಖ ತೋರಿಸುವುದು?

ವರ್ನನ್ ಮೊದಲು ಹಲ್ಲು ಕಡಿದ. ಆಮೇಲೆ ಆ ರಸ್ತೆಯನ್ನು ಬೆರಳಿನಿಂದ ಸವರಿ ನೋಡಿದ. ನೋಡುತ್ತಲೇ ಹೊಟ್ಟೆ ಕುಲುಕಿಸಿ ನಗತೊಡಗಿದ. "ಪೂರ್ತಿ ಬೋಳಿಸು! ಡುಬ್ರೋ ತಲೇನ ನಿನ್ನ ಕೈಯಿಂದಲೇ ಮಾಡು. ನಾನು ಯಾರ ಪಾರ್ಟಿ ಅಂತ ಚರ್ಚಿಗೆಲ್ಲ ಗೊತ್ತಾಗಲಿ!"

ಲೂಷಸ್ ಪೂರ್ತಿ ಬೋಳಿಸಿದ. ಮುಗಿದಾಗ ಕನ್ನಡಿಯಲ್ಲಿ ತನ್ನ ಬೆಳ್ಳಿಯಂಥ ಗುಂಗುರುಕೂದಲನ್ನೊಮ್ಮೆ ನೋಡಿಕೊಂಡ. ಊರಿನವರಿಗೆ ಅದೇ ಅವನಂಗಡಿಯ ಬೋರ್ಡು. ಮಷೀನನ್ನು ಬೀಗರ ಕೈಗೆ ಕೊಟ್ಟ.

"ಏಳು. ಒಬ್ಬನೇ ಯಾಕೆ ಬೈಸಿಕೊಳ್ತೀಯಾ?"

ಚರ್ಚಿನ ಬಾಗಿಲಲ್ಲಿ ಅಪ್ಪನ ತಲೆ ಕಂಡು ಬೈಯಲು ಬಾಯಿ ತೆರೆದ ನಡೀನ್, ಪಕ್ಕದಲ್ಲಿ ಮಿರಮಿರನೆ ಮಿಂಚುತ್ತಿದ್ದ ಮಾವನ ತಲೆ ಕಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಬ್ಬರ ನೆತ್ತಿಗೂ ಒಂದೊಂದು ಮುತ್ತು ಕೊಟ್ಟಳು.

"ಕೊನೆಗೂ ಡುಬ್ರೋ ಪಾರ್ಟಿಗೆ ಬಂದ್ರಾ ಮಾವ?"

ಲೂಷಸ್ ಬೋಳುತಲೆಯನ್ನು ನೆಟ್ಟಗೆ ಎತ್ತಿ ಹೇಳಿದ: "ನಿನಗೋಸ್ಕರ ಕೂದಲು ಕೊಟ್ಟೆ ಕಣಮ್ಮ. ಓಟು ಮಾತ್ರ ಕೇಳಬೇಡ."