ನಾಲ್ಕನೆಯ ಕಾಲೇಜು

ಸೀಟು ಆರಿಸಿಕೊಳ್ಳಲು ಮರುದಿನವೇ ಕೊನೆ. ಮೂಳೆ ಡಾಕ್ಟರಾಗಲು ಹೊರಟಿದ್ದ ಇಂಚರಾ ಆಗಲೇ ಮೂರು ಮೆಡಿಕಲ್ ಕಾಲೇಜು ಸುತ್ತಿ ಬಂದಿದ್ದಳು. ಅಲ್ಲಿ ಓದುತ್ತಿದ್ದ ಪಿ.ಜಿ. ಡಾಕ್ಟರುಗಳದು ಒಂದೇ ಗೋಳು: ಮೂರು ವರ್ಷವೂ ಪೇಷೆಂಟಿನ ಕಾಲು ಎತ್ತಿ ಹಿಡಿಯುವುದಷ್ಟೇ ಕೆಲಸ, ಚಾಕು ಮಾತ್ರ ಕೈಗೆ ಬರುವುದಿಲ್ಲ.

ನಾಲ್ಕನೆಯದು ಹಳೇ ಸರ್ಕಾರಿ ಆಸ್ಪತ್ರೆ. ಮಾತಾಡಿಸೋಣವೆಂದರೆ ಪಿ.ಜಿ.ಗಳೆಲ್ಲ ಆಪರೇಷನ್ ಥಿಯೇಟರಿನೊಳಗೆ. ಸರಿ, ರೋಗಿಗಳನ್ನೇ ಕೇಳಿದರಾಯಿತೆಂದು ಅವಳು ವಾರ್ಡಿಗೆ ಹೋದಳು. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಬಿಳಿಗಡ್ಡದ ಹಿರಿಯರೊಬ್ಬರ ಪಕ್ಕ ಸ್ಟೂಲು ಎಳೆದುಕೊಂಡಳು.

"ಏನಾಯ್ತಜ್ಜ?"

"ಸ್ಕೂಟರಿಂದ ಬಿದ್ದೆ ಕಣಮ್ಮ. ತೊಡೆಮೂಳೆ ಮುರೀತು. ನಾಳೆ ಬೆಳಿಗ್ಗೆ ರಾಡ್ ಹಾಕ್ತಾರೆ."

"ಯಾರು ಹಾಕೋದು?"

"ನಸೀಮಾ ಅಂತ. ಮೂರನೇ ವರ್ಷದ ಪಿ.ಜಿ. ಹುಡುಗಿ."

ಇಂಚರಾಳ ಕಿವಿ ನೆಟ್ಟಗಾಯಿತು. "ಇನ್ನೂ ಕಲೀತಿರೋರ ಕೈಗೆ ಕಾಲು ಕೊಡೋಕೆ ಭಯ ಆಗಲ್ವಾ?"

"ಯಾಕಮ್ಮ ಭಯ? ಮೊದಲ್ನೇ ವರ್ಷ ಪಕ್ಕದಲ್ಲಿ ನಿಂತು ನೋಡಿದಾಳೆ. ಎರಡನೇ ವರ್ಷ ಕೈ ಹಿಡಿದು ಮಾಡಿಸಿದಾರೆ. ಈಗ ಸಲೀಸಾಗಿ ಒಬ್ಬಳೇ ಮಾಡ್ತಾಳೆ."

ರೋಗಿಗೂ ಇಷ್ಟು ಚೆನ್ನಾಗಿ ಬಾಯಿಪಾಠ ಮಾಡಿಸಿದ್ದಾರಲ್ಲ ಎಂದು ಅವಳಿಗೆ ಗುಮಾನಿ ಬಂತು. ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿ ಪಿಸುಗುಟ್ಟಿದಳು.

"ನನ್ನ ಹತ್ರ ನಿಜ ಹೇಳಿ ಅಜ್ಜ. ಕೇಳೋರಿಲ್ಲ ಅಂತ ನಿಮ್ಮನ್ನ ಹುಡುಗಿ ಕೈಗೆ ಬಿಟ್ಟಿದಾರೆ, ಅಲ್ವಾ? ಇಲ್ಲಿನ ದೊಡ್ಡ ಡಾಕ್ಟ್ರು ಯಾಕೆ ಆಪರೇಷನ್ ಮಾಡಲ್ಲ?"

ಹಿರಿಯರಿಗೆ ನಗು ತಡೆಯಲಾಗಲಿಲ್ಲ.

"ನನ್ನ ಕಾಲಿಗೆ ನಾನೇ ಹೇಗಮ್ಮ ರಾಡ್ ಹಾಕ್ಕೊಳ್ಳಲಿ?"